ಹೊಲ ಗೆದ್ದವರು ಮನೆಯನ್ನೂ ಗೆಲ್ಲಲಿ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮೀಣ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಗುಳಿಗೆ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವುಗಳ ಮಾತಷ್ಟೇ ಬರುತ್ತದೆಂದು ನಿಮ್ಮಲ್ಲಿ ಅನೇಕರು ಭಾವಿಸಿರಬಹುದು. ಆ ಮಾತುಗಳೂ ಬರುತ್ತವೆ. ಆದರೆ ಅವುಗಳಿಗೆ ಮೊದಲು ನಾವು ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ನಿನ್ನೆಯಂತೆ ಇಂದು, ಇಂದಿನಂತೆ ನಾಳೆ ಎಂದು ಸಾಗುವ ದಿನನಿತ್ಯದ ಬಾಳಿನಲ್ಲಿ ಹೊಸತನವನ್ನು ತರುವುದು ಹೇಗೆ? ಬದಲಾವಣೆಗೆ ಮನಸ್ಸನ್ನು ತೆರೆದಿಟ್ಟರೆ ಗಂಡಹೆಂಡಿರ ಬದುಕಿಗೆ ಆಗುವ ಪ್ರಯೋಜನವೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅದು ನಿಮ್ಮ ಹೊಲಗಳಲ್ಲಿಯೇ ಇದೆ.

ಸೃಜನಶೀಲತೆ ಯಾರ ಸೊತ್ತು?

ಸೃಜನಶೀಲತೆ ಎಂಬ ಮಾತನ್ನು ಕೇಳಿದಾಗ ಅದು ಕವಿಗಳಿಗೂ ಶಿಲ್ಪಿಗಳಿಗೂ ಸೇರಿದ್ದು, ದುಡಿದು ತಿನ್ನುವವರಿಗೆ ಸಂಬಂಧಿಸಿದ್ದಲ್ಲ ಎಂದು ತೋರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮವು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ, ಮುಳಬಾಗಿಲು ಡಿ.ವಿ. ಗುಂಡಪ್ಪನವರನ್ನೂ ನಾಡಿಗೆ ಕೊಟ್ಟಿರುವುದು ನಿಜ. ಆದರೆ ಸೃಜನಶೀಲತೆ ಅಂತಹ ಮಹನೀಯರಲ್ಲಿಗೇ ಮುಗಿಯುವುದಿಲ್ಲ. ಬೆಳಗಿನ ಜಾವ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಡುವ ಗೃಹಿಣಿಯನ್ನು ನೋಡಿರಿ. ಚುಕ್ಕಿಗಳು ಅವೇ, ಹಿಟ್ಟು ಅದೇ, ಅಂಗಳವೂ ಅದೇ. ಆದರೂ ಸೋಮವಾರದ ರಂಗೋಲಿ ಮಂಗಳವಾರಕ್ಕೆ ಇರುವುದಿಲ್ಲ. ಅವರೆಯ ಕಾಲ ಬಂದಾಗ ಒಂದೇ ಕಾಳಿನಿಂದ ಹಿತಕಿದ ಬೇಳೆಯ ಸಾರು, ಉಪ್ಪಿಟ್ಟು, ರೊಟ್ಟಿ ಎಂದು ಬಗೆಬಗೆಯ ಅಡಿಗೆ ಸಿದ್ಧವಾಗುತ್ತದೆ. ಇರುವುದರಲ್ಲಿಯೇ ಇನ್ನೊಂದು ಬಗೆಯನ್ನು ಕಾಣುವ ಈ ಶಕ್ತಿಯೇ ಸೃಜನಶೀಲತೆ. ಅದಕ್ಕೆ ಹಣ ಬೇಕಾಗಿಲ್ಲ. "ಇದನ್ನು ಬೇರೆ ರೀತಿಯಲ್ಲಿ ಮಾಡಬಹುದೇ?" ಎಂಬ ಒಂದು ಪ್ರಶ್ನೆ ಬೇಕು, ಅಷ್ಟೆ.

ನೀವು ಬದಲಾವಣೆಗೆ ಹೊಸಬರಲ್ಲ

ಹಳ್ಳಿಯವರು ಹಳೆಯದಕ್ಕೆ ಅಂಟಿಕೊಂಡಿರುತ್ತಾರೆ, ಹೊಸದನ್ನು ಒಪ್ಪುವುದಿಲ್ಲ ಎಂದು ಕೆಲವರು ಹೇಳುವುದುಂಟು. ಕೋಲಾರ ಸೀಮೆಯ ಇತಿಹಾಸ ಈ ಮಾತನ್ನು ಸುಳ್ಳು ಮಾಡಿದೆ.

ವರ್ಷವಿಡೀ ಹರಿಯುವ ಒಂದು ನದಿಯೂ ಈ ಜಿಲ್ಲೆಯಲ್ಲಿಲ್ಲ. ಆದ್ದರಿಂದ ನಿಮ್ಮ ಪೂರ್ವಿಕರು ಮಳೆಯ ನೀರನ್ನು ಹಿಡಿದಿಡಲು ಕೆರೆಯ ಕೆಳಗೆ ಕೆರೆ ಕಟ್ಟಿದರು. ಕೆರೆ ಬತ್ತಿದಾಗ ಬಾವಿ ತೋಡಿದರು. ಬಾವಿ ಬತ್ತಿದಾಗ ಕೊಳವೆಬಾವಿ ಕೊರೆಯಿಸಿದರು. ಅದು ಸಾವಿರ ಅಡಿಯನ್ನು ಮೀರಿದಾಗ, ಸಿಕ್ಕ ಸ್ವಲ್ಪ ನೀರನ್ನೇ ಹನಿಹನಿಯಾಗಿ ಗಿಡದ ಬುಡಕ್ಕೆ ಕೊಡುವುದನ್ನು ಕಲಿತರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಇಲ್ಲಿಯ ಕೆರೆಗಳಿಗೆ ಹರಿಸಿ ಅಂತರ್ಜಲವನ್ನು ಹೆಚ್ಚಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರಲ್ಲಿ ಜಿಲ್ಲೆಯನ್ನು ಮುಟ್ಟಿತು.

ಹೊಲದ ಬೆಳೆಯೂ ಹೀಗೆಯೇ ಬದಲಾಯಿತು. "ರಾಗಿ ಲಕ್ಷ್ಮಣಯ್ಯ" ಎಂದೇ ಹೆಸರಾದ ವಿಜ್ಞಾನಿಯವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ತಲೆತಲಾಂತರದಿಂದ ಬಿತ್ತುತ್ತಿದ್ದ ತಳಿಯನ್ನು ಬಿಟ್ಟು ರೈತರು ಅವುಗಳನ್ನು ಬಿತ್ತಿದರು. ಎಂ.ವಿ. ಕೃಷ್ಣಪ್ಪನವರಂತಹ ನಾಯಕರ ಪ್ರೋತ್ಸಾಹದಿಂದ ಪರದೇಶದ ತಳಿಯ ಹಸುಗಳು ಇಲ್ಲಿಗೆ ಬಂದವು. ಮುಂದೆ ಮಿಶ್ರತಳಿಯ ಹಸು ಮನೆಮನೆಯ ಕೊಟ್ಟಿಗೆಯನ್ನು ಸೇರಿತು. ರೇಷ್ಮೆ, ಹಾಲು, ಚಿನ್ನ ಎಂಬ ಮೂರರಿಂದ ಈ ಜಿಲ್ಲೆ ಪ್ರಸಿದ್ಧವಾಯಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ರೇಷ್ಮೆ ಮತ್ತು ಹಾಲು, ದುಡಿಯುವವರ ಕೈಯಲ್ಲಿದ್ದುದರಿಂದ, ಉಳಿದವು. ಶ್ರೀನಿವಾಸಪುರದ ಮಾವು ಹೊರನಾಡಿಗೆ ಹೋಗುತ್ತದೆ. ಕೋಲಾರದ ಟೊಮೆಟೊ ದೂರದ ರಾಜ್ಯಗಳ ಸಂತೆಯನ್ನು ಸೇರುತ್ತದೆ.

ಇಷ್ಟು ದೊಡ್ಡ ಬದಲಾವಣೆಗಳನ್ನು ನೀವು ಹೇಗೆ ಸ್ವೀಕರಿಸಿದಿರಿ? ಯಾರೋ ಹೇಳಿದರೆಂದು ಒಂದೇ ದಿನದಲ್ಲಿ ಹೊಲವನ್ನೆಲ್ಲ ಬದಲಾಯಿಸಲಿಲ್ಲ. ಮೊದಲು ನೆರೆಯ ಹೊಲಕ್ಕೆ ಹೋಗಿ ಕಣ್ಣಾರೆ ಕಂಡಿರಿ. ಅನಂತರ ಒಂದು ಮೂಲೆಯಲ್ಲಿ ಪ್ರಯೋಗ ಮಾಡಿದಿರಿ. ಫಲ ಸಿಕ್ಕಿದರೆ ಮುಂದುವರಿಸಿದಿರಿ, ಸಿಗದಿದ್ದರೆ ಬಿಟ್ಟಿರಿ. ಕಣ್ಣಾರೆ ಕಾಣುವುದು, ಸ್ವಲ್ಪದರಲ್ಲಿ ಮಾಡಿ ನೋಡುವುದು, ಒಳಿತನ್ನು ಉಳಿಸಿಕೊಳ್ಳುವುದು: ಈ ಮೂರು ಮೆಟ್ಟಿಲುಗಳನ್ನು ನೆನಪಿನಲ್ಲಿಡಿರಿ. ಮನೆಯ ವಿಷಯದಲ್ಲಿಯೂ ಇವು ನಮಗೆ ಬೇಕಾಗುತ್ತವೆ.

ಮನೆಯೊಳಗೆ ಏನಾಗಿದೆ?

"ಮನೆ ಗೆದ್ದು ಮಾರು ಗೆಲ್ಲು" ಎಂದು ಹಿರಿಯರು ಹೇಳಿದ್ದಾರೆ. ಕೋಲಾರದ ರೈತರು ಮಾರು ಗೆದ್ದಿದ್ದಾರೆ. ಮನೆಯನ್ನು ಗೆಲ್ಲುವುದು ಮಾತ್ರ ಇನ್ನೂ ಉಳಿದಿದೆ. ಹೊಲಕ್ಕೆ ಹನಿ ನೀರಾವರಿ ಬಂದಿತು, ಆದರೆ ಬಚ್ಚಲಿಗೆ ನೀರು ತುಂಬುವ ಕೆಲಸ ಅಂದಿನಂತೆ ಹೆಂಡತಿಯದೇ ಆಗಿ ಉಳಿಯಿತು. ಹಸುವಿನ ತಳಿ ಬದಲಾಯಿತು, ಆದರೆ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿ ಬದಲಾಗಲಿಲ್ಲ.

ಕೇಂದ್ರ ಸರ್ಕಾರವು 2019ರಲ್ಲಿ ದೇಶದ ಜನರು ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆಯನ್ನು ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷಗಳನ್ನು ಕೊಡುತ್ತಿದ್ದರು, ಎಂದರೆ ಸುಮಾರು 5 ಗಂಟೆ. ಅದರಲ್ಲಿ ತೊಡಗುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಯಾವ ಮನೆಗೆಲಸವನ್ನೂ ಮುಟ್ಟದ ಗಂಡಸರು ಈ ಲೆಕ್ಕದಲ್ಲಿ ಸೇರಿಲ್ಲ. ಕಳೆ ಕೀಳುವುದು, ಹಾಲು ಕರೆಯುವುದು, ಹಿಪ್ಪುನೇರಳೆ ಸೊಪ್ಪು ತರುವುದು ಇವೆಲ್ಲ ಮುಗಿದ ಮೇಲೂ ಹೆಣ್ಣುಮಕ್ಕಳ ದಿನ ಮುಗಿಯುವುದಿಲ್ಲ.

ಇದರ ಫಲ ಶರೀರದ ಮೇಲೆ ಕಾಣುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಕಣ್ಣು ಕತ್ತಲೆ, ಮಾತುಮಾತಿಗೆ ಸಿಡಿಮಿಡಿ. "ಇವಳ ಸ್ವಭಾವವೇ ಹೀಗೆ" ಎಂದು ಗಂಡನು ತಿಳಿಯುತ್ತಾನೆ. ಅನೇಕ ವೇಳೆ ಅದು ಸ್ವಭಾವವಲ್ಲ, ರಕ್ತದ ಕೊರತೆ. ದಣಿದ ದೇಹದಲ್ಲಿ ಉಲ್ಲಾಸ ಹುಟ್ಟುವುದಿಲ್ಲ. ಉಲ್ಲಾಸವಿಲ್ಲದ ಕಡೆ ಹೊಸತನವೂ ಹುಟ್ಟುವುದಿಲ್ಲ. ಆದುದರಿಂದ ಮನೆಯಲ್ಲಿ ಹೊಸತನ ಬೇಕೆನ್ನುವವರು ಮೊದಲು ಮನೆಯಾಕೆಯ ಭಾರವನ್ನು ಇಳಿಸಬೇಕು.

ರೇಷ್ಮೆ ಹುಳು ಕಲಿಸಿದ ಪಾಠ

ಭಾರ ಇಳಿಸುವುದು ಹೇಗೆಂಬುದಕ್ಕೆ ನಿಮ್ಮ ರೇಷ್ಮೆ ಮನೆಯೇ ಸಾಕ್ಷಿ. ಹಿಂದೆ ಸೊಪ್ಪನ್ನು ಎಲೆಎಲೆಯಾಗಿ ಬಿಡಿಸಿ, ಹೆಚ್ಚಿ, ಹಗಲು ರಾತ್ರಿ ಹಲವು ಬಾರಿ ತಟ್ಟೆಗಳಿಗೆ ಹಾಕಬೇಕಾಗಿತ್ತು. ಹುಳುವಿನ ಕಾಲದಲ್ಲಿ ಮನೆಯ ಹೆಂಗಸರಿಗೆ ನಿದ್ರೆಯೆಂಬುದಿರಲಿಲ್ಲ. ಅನಂತರ ರೆಂಬೆ ಪದ್ಧತಿ ಬಂದಿತು. ರೆಂಬೆಯನ್ನು ಇಡಿಯಾಗಿ ಕತ್ತರಿಸಿ ಹಾಸಿನ ಮೇಲೆ ಹರಡಿದರೆ ಆಯಿತು. ಚಾಕಿ ಕೇಂದ್ರದಿಂದ ಎರಡನೆಯ ಜ್ವರ ಕಳೆದ ಹುಳುಗಳನ್ನೇ ತರುವ ರೂಢಿ ಬಂದಿತು. ಎಳೆಯ ಹುಳುಗಳ ಸೂಕ್ಷ್ಮ ಆರೈಕೆಯ ದಿನಗಳು ತಪ್ಪಿದವು. ಹುಳು ಅದೇ, ಗೂಡು ಅದೇ. ಶ್ರಮ ಮಾತ್ರ ಕಡಿಮೆಯಾಯಿತು.

ಈಗ ಅದೇ ಕಣ್ಣಿನಿಂದ ಅಡಿಗೆಮನೆಯನ್ನು ನೋಡಿರಿ. ಒಂದು ದಿನ ಸಂಜೆ ಗಂಡಹೆಂಡಿರು ಜೊತೆಯಾಗಿ ಕುಳಿತು, ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ನಡೆಯುವ ಕೆಲಸಗಳನ್ನು ಒಂದೊಂದಾಗಿ ಹೇಳಿಕೊಳ್ಳಿರಿ. ಯಾವ ಕೆಲಸವನ್ನು ಬಿಡಬಹುದು? ಯಾವುದನ್ನು ಸುಲಭ ಮಾಡಬಹುದು? ಯಾವುದನ್ನು ಇನ್ನೊಬ್ಬರು ಮಾಡಬಹುದು? ಕೊಟ್ಟಿಗೆ ಬಳಿಯುವುದು, ನೀರು ತುಂಬುವುದು, ಮಗುವಿಗೆ ಸ್ನಾನ ಮಾಡಿಸುವುದು ಇವುಗಳಲ್ಲಿ ಒಂದನ್ನು ಗಂಡನು ತನ್ನದೆಂದು ತೆಗೆದುಕೊಳ್ಳಲಿ. ಸಹಾಯ ಮಾಡುತ್ತೇನೆ ಎನ್ನುವುದು ಬೇರೆ, ಇದು ನನ್ನ ಕೆಲಸ ಎನ್ನುವುದು ಬೇರೆ. ಎರಡನೆಯ ಮಾತಿನಿಂದ ಮಾತ್ರ ಹೆಂಡತಿಯ ಮನಸ್ಸಿನ ಭಾರ ಇಳಿಯುತ್ತದೆ. ಗಂಡುಮಕ್ಕಳಿಗೂ ತಟ್ಟೆ ತೊಳೆಯುವುದನ್ನು ಕಲಿಸಿರಿ. ನೆರೆಯವರು ನಗಬಹುದು. ಊರಿನಲ್ಲಿ ಮೊದಲು ಹೊಸ ಬೆಳೆ ಇಟ್ಟವನನ್ನು ನೋಡಿಯೂ ನಕ್ಕವರಿದ್ದರು.

ತಟ್ಟೆಯಲ್ಲಿ ಹೊಸತನ

ಊಟದಲ್ಲಿ ಹೊಸತನವೆಂದರೆ ಪೊಟ್ಟಣದ ತಿಂಡಿಯನ್ನು ಕೊಂಡು ತರುವುದೆಂದು ತಿಳಿಯಬಾರದು. ಮನೆಯಲ್ಲಿರುವ ರಾಗಿಯೇ ಸಾಕು. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಜರಡಿ ಹಿಡಿದರೆ ಎಳೆಯ ಮಗುವಿಗೆ ಉತ್ತಮವಾದ ಸರಿಹಿಟ್ಟು ದೊರೆಯುತ್ತದೆ. ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. 6 ತಿಂಗಳು ತುಂಬಿದ ಮೇಲೆ ತಾಯಿಯ ಹಾಲಿನ ಜೊತೆಗೆ ಈ ಸರಿಯನ್ನು ಕೊಡಿರಿ. ಮುದ್ದೆಯ ಜೊತೆಗೆ ನುಗ್ಗೆ ಸೊಪ್ಪು, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಬೆರಕೆ ಸೊಪ್ಪು, ಮೊಳಕೆ ಹುರುಳಿ ಇರಲಿ. ಅದಕ್ಕೆ ನಿಂಬೆಹಣ್ಣಿನ ರಸ ಹಿಂಡಿದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟವಾದೊಡನೆ ಚಹಾ ಅಥವಾ ಕಾಫಿ ಕುಡಿದರೆ ಅದೇ ಕಬ್ಬಿಣಾಂಶ ವ್ಯರ್ಥವಾಗುತ್ತದೆ. ಆದುದರಿಂದ ಒಂದು ಗಂಟೆಯಾದರೂ ಬಿಡಿರಿ. ಗರ್ಭಿಣಿಯರು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಬೇಕು.

ಇವೆಲ್ಲಕ್ಕಿಂತ ಸುಲಭವಾದ ಬದಲಾವಣೆ ಇನ್ನೊಂದಿದೆ. ಮನೆಯವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡಿರಿ. ಸಾರಿನ ತಳ ಯಾರ ಪಾಲಿಗೆ ಬರುತ್ತಿತ್ತೆಂಬುದು ಅಂದೇ ಎಲ್ಲರಿಗೂ ತಿಳಿಯುತ್ತದೆ.

ಸಂತಾನದ ವಿಷಯದಲ್ಲಿ ತೆರೆದ ಮನಸ್ಸು

ಈಗ ಮುಖ್ಯವಾದ ಮಾತಿಗೆ ಬರೋಣ. ಸಸಿಗೂ ಸಸಿಗೂ ನಡುವೆ ಅಂತರ ಬಿಡಬೇಕೆಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ವಿಷಯದಲ್ಲಿಯೂ ಹಾಗೆಯೇ. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕಡೆಯ ಪಕ್ಷ 2 ವರ್ಷ ಕಳೆಯಬೇಕು. ಆಗ ತಾಯಿಯ ರಕ್ತ ತುಂಬಿಕೊಳ್ಳುತ್ತದೆ, ಮೊದಲ ಮಗುವಿಗೆ ಹಾಲೂ ಆರೈಕೆಯೂ ಸಿಗುತ್ತದೆ, ತಂದೆಗೆ ಖರ್ಚನ್ನು ಹೊಂದಿಸಿಕೊಳ್ಳಲು ಅವಕಾಶವಾಗುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಕೋಲಾರವು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1930ರಲ್ಲಿಯೇ, ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ನಿರ್ಧರಿಸಿತು. ಒಂದು ಸರ್ಕಾರವೇ ಹೀಗೆ ಮುಂದೆ ಬಂದುದು ಜಗತ್ತಿನಲ್ಲಿಯೇ ಮೊದಲ ನಿದರ್ಶನಗಳಲ್ಲೊಂದು. ಸ್ವತಂತ್ರ ಭಾರತದಲ್ಲಿ 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಹಲವೆಡೆ ಬಲವಂತ ನಡೆದು ಜನರಲ್ಲಿ ಭಯ ಹುಟ್ಟಿತು. ಆ ಭಯದ ನೆರಳು ಇಂದಿಗೂ ಕೆಲವು ಮನೆಗಳಲ್ಲಿದೆ. ಆದುದರಿಂದ ಸ್ಪಷ್ಟವಾಗಿ ಹೇಳಬೇಕಾಗಿದೆ: ಯಾವ ವಿಧಾನವನ್ನು ಆರಿಸಬೇಕು, ಆರಿಸಬೇಕೇ ಬೇಡವೇ ಎಂಬುದು ನಿಮ್ಮಿಬ್ಬರ ಇಚ್ಛೆ. ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ, ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ.

ಮಕ್ಕಳ ನಡುವೆ ಅಂತರವಿಡಲು ವಿಧಾನಗಳು ಅನೇಕ. ಗಂಡಸರಿಗೆ ನಿರೋಧ್ ಇದೆ. ಹೆಂಗಸರಿಗೆ ದಿನವೂ ನುಂಗುವ ಗುಳಿಗೆ, ಮೊದಲ 3 ತಿಂಗಳು ವಾರಕ್ಕೆ ಎರಡು ಸಲ ಮತ್ತು ಅನಂತರ ವಾರಕ್ಕೊಮ್ಮೆ ನುಂಗುವ ಛಾಯಾ ಗುಳಿಗೆ, 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಬೇಡವೆಂದಾಗ ತೆಗೆಸಬಹುದಾದ ಕಾಪರ್-ಟಿ ಇವೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು. ಭೂಮಿ ನೋಡಿ ಬೀಜ ಆರಿಸುವಂತೆ, ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಆರಿಸಿಕೊಳ್ಳಿರಿ. ತೊಂದರೆ ಕಂಡರೆ ಮರೆಮಾಡದೆ ತಿಳಿಸಿರಿ, ವಿಧಾನವನ್ನು ಬದಲಾಯಿಸಬಹುದು.

ಇನ್ನು ಮಕ್ಕಳು ಸಾಕೆಂದು ನಿಶ್ಚಯಿಸಿದ ದಂಪತಿಗಳ ವಿಷಯ. ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಪ್ರತಿ 100 ವಿವಾಹಿತ ಮಹಿಳೆಯರಲ್ಲಿ ಸುಮಾರು 38 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡನೇ ಮಾಡಿಸಿಕೊಂಡ ದಂಪತಿಗಳು 100ಕ್ಕೆ ಒಬ್ಬರೂ ಇರಲಿಲ್ಲ. ಹೆಣ್ಣಿನ ಶಸ್ತ್ರಚಿಕಿತ್ಸೆಗೆ ಹೊಟ್ಟೆಯನ್ನು ತೆರೆಯಬೇಕು. ಗಂಡಿನದು ಅದಕ್ಕಿಂತ ಬಹಳ ಚಿಕ್ಕದು: ಕತ್ತಿಯ ಗಾಯವಿಲ್ಲ, ಹೊಲಿಗೆಯಿಲ್ಲ, ಕೆಲವೇ ನಿಮಿಷಗಳ ಕೆಲಸ, ಅಂದೇ ಮನೆಗೆ ಮರಳಬಹುದು. ಎರಡು ದಿನ ವಿಶ್ರಾಂತಿ ಪಡೆದು, ಒಂದು ವಾರ ಭಾರ ಎತ್ತದಿದ್ದರೆ ಸಾಕು. ಇದರಿಂದ ನೇಗಿಲು ಹಿಡಿಯುವ ಶಕ್ತಿ ಕುಂದುವುದಿಲ್ಲ, ಪುರುಷತ್ವವೂ ಕುಂದುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇದರ ಫಲ 3 ತಿಂಗಳ ನಂತರ ಬರುವುದರಿಂದ, ವೀರ್ಯ ಪರೀಕ್ಷೆಯಾಗುವವರೆಗೆ ನಿರೋಧ್ ಬಳಸಬೇಕು. ಗಂಡಹೆಂಡಿರ ಈ ಶಸ್ತ್ರಚಿಕಿತ್ಸೆಗಳು ಶಾಶ್ವತವಾದವು ಎಂಬುದನ್ನು ತಿಳಿದೇ ತೀರ್ಮಾನಿಸಿರಿ. ಹೆತ್ತು ಹೊತ್ತು ಸಾಕಿದವಳೇ ಇದನ್ನೂ ಹೊರಬೇಕೇ ಎಂದು ಗಂಡನು ಒಮ್ಮೆ ಕೇಳಿಕೊಂಡರೆ, ಆ ಪ್ರಶ್ನೆಯೇ ಒಂದು ದೊಡ್ಡ ಬದಲಾವಣೆ.

ಗಂಡುಮಗುವಿಗಾಗಿ ಹೆರಿಗೆಯ ಮೇಲೆ ಹೆರಿಗೆ ಮಾಡಿಸುವವರಿಗೂ ಒಂದು ಮಾತು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜಾಣುವಿನಿಂದ ನಿರ್ಧಾರವಾಗುತ್ತದೆ. ಅದಕ್ಕಾಗಿ ತಾಯಿಯನ್ನು ದೂಷಿಸುವುದು ಅಜ್ಞಾನ.

ಹಳೆಯದು, ಹೊಸದು

ಬದಲಾವಣೆಯೆಂದರೆ ಹಳೆಯದನ್ನೆಲ್ಲ ಎಸೆಯುವುದಲ್ಲ. ಹೊಸದೆಲ್ಲ ಒಳ್ಳೆಯದೂ ಅಲ್ಲ. ಕೆರೆಯ ಹೂಳನ್ನು ಮರೆತು ಕೊಳವೆಬಾವಿಯನ್ನೇ ನಂಬಿದ್ದರಿಂದ ಬಂದ ಕಷ್ಟವನ್ನು ನೀವು ಕಂಡಿದ್ದೀರಿ. ಸಾಲ ಮಾಡಿ ನಡೆಸುವ ಅದ್ದೂರಿ ಮದುವೆಯೂ ಹೊಸದೇ, ಮನೆಯ ಮುಂದೆ ಎರಡು ನುಗ್ಗೆ ಗಿಡ ನೆಡುವುದೂ ಹೊಸದೇ. ಯಾವುದು ಮನೆಯವರ ಆರೋಗ್ಯವನ್ನೂ ನೆಮ್ಮದಿಯನ್ನೂ ಹೆಚ್ಚಿಸುತ್ತದೆ ಎಂದು ತೂಗಿ ನೋಡಬೇಕು. ಮನೆಯ ಹಿರಿಯರನ್ನು ಎದುರು ಹಾಕಿಕೊಳ್ಳದೆ ಜೊತೆಗೆ ಕರೆದುಕೊಳ್ಳಿರಿ. ತಾನು ಪಟ್ಟ ಪಾಡನ್ನು ಅತ್ತೆಯ ಬಾಯಿಂದಲೇ ಕೇಳಿರಿ. ಸೊಸೆಗೆ ಆ ಪಾಡು ಬೇಡವೆಂದು ಅತ್ತೆಯೇ ಹೇಳುವ ದಿನ ಬರುತ್ತದೆ. ಈ ಸೀಮೆಯ ಜನರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಎಂದು ಎರಡು ಭಾಷೆಗಳನ್ನು ಜಗಳವಿಲ್ಲದೆ ಬಾಳಿಸಿಕೊಂಡು ಬಂದವರು. ಹಳೆಯದನ್ನೂ ಹೊಸದನ್ನೂ ಒಂದೇ ಮನೆಯಲ್ಲಿ ಬಾಳಿಸುವುದು ನಿಮಗೆ ಅಸಾಧ್ಯವೇನಲ್ಲ.

ಭಾರ ಇಳಿದ ಮನೆಯಲ್ಲಿ ಉಳಿಯುವ ಸಮಯವನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ಪಾಠವನ್ನು ಕೇಳಬಹುದು. ಬಿಟ್ಟುಹೋದ ಹಾಡನ್ನು, ಭಜನೆಯನ್ನು, ಹೊಲಿಗೆಯನ್ನು ಮತ್ತೆ ಹಿಡಿಯಬಹುದು. ಮಾವಿನ ಕಾಯಿಯನ್ನು ಗಾಡಿಗೆ ತುಂಬಿ ಕಳುಹಿಸುವ ಬದಲು ಒಂದಿಷ್ಟನ್ನು ಉಪ್ಪಿನಕಾಯಿ ಮಾಡಿ ಸಂಘದ ಮೂಲಕ ಮಾರಬಹುದು. ಏನೂ ಮಾಡದೆ ಜಗುಲಿಯ ಮೇಲೆ ಇಬ್ಬರೂ ಕುಳಿತು ಮಾತನಾಡಬಹುದು. ಇದೂ ಬಾಳಿನ ಸಂಪತ್ತೇ.

ಮಾನ್ಯ ದಂಪತಿಗಳೇ, ಇಂದು ಮನೆಗೆ ಹೋದ ಮೇಲೆ ಒಬ್ಬರನ್ನೊಬ್ಬರು ಒಂದೇ ಪ್ರಶ್ನೆ ಕೇಳಿರಿ: "ನಮ್ಮ ಮನೆಯಲ್ಲಿ ನಿನಗೆ ಅತಿ ಭಾರವಾಗಿರುವುದು ಯಾವುದು?" ಉತ್ತರವನ್ನು ಅಡ್ಡ ಮಾತಾಡದೆ ಕೇಳಿರಿ. ಆ ಒಂದನ್ನು ಒಂದು ತಿಂಗಳು ಬೇರೆ ರೀತಿಯಲ್ಲಿ ಮಾಡಿ ನೋಡಿರಿ. ಹೊಲದ ಮೂಲೆಯಲ್ಲಿ ಹೊಸ ಬೀಜ ಬಿತ್ತಿದಾಗ ಎಷ್ಟು ಆಸಕ್ತಿಯಿಂದ ದಿನವೂ ಹೋಗಿ ನೋಡುತ್ತಿದ್ದಿರೋ, ಅಷ್ಟೇ ಆಸಕ್ತಿಯಿಂದ ಇದನ್ನೂ ನೋಡಿಕೊಳ್ಳಿರಿ. ಫಲ ನಿಮ್ಮ ಕಣ್ಣಿಗೇ ಕಾಣುತ್ತದೆ.

ನಿಮ್ಮೆಲ್ಲರ ಸಂಸಾರ ಸುಖಮಯವಾಗಿರಲಿ.